ನಿನ್ನ ಹಡಗು ಆಷಾಢದಲ್ಲಿ ಹೊರಟಿದೆ

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಸುಟ್ಟುಬಿಡಲೇ ಎಂದು ಕೇಳಿದ್ದೀಯ. ಬೇಡ. ಭಟ್ಕಳದ ಆ ಹುಡುಗ ತಾಯಿಗೆ ಹೇಳದೆ ಮನೆ ಬಿಡುವ ಪುಟಗಳನ್ನು ಬರೆದವನು ಏನನ್ನೂ ಸುಡಬೇಕಾಗಿಲ್ಲ. ಸುಡಲೇಬೇಕೆನಿಸಿದರೆ ಏಳನೇ ಅಧ್ಯಾಯ ಒಂದಿದೆ. ಯಾವ ಪ್ರಕಾಶಕರಿಗೆ ಕಳಿಸಲಿ, ಮುನ್ನುಡಿ ಯಾರಿಂದ ಬರೆಸಲಿ, ಅಧ್ಯಾಯ ಎಷ್ಟು ಉದ್ದವಿರಲಿ ಎಂಬುದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಒಂದೇ. ನಿನ್ನ ಹಡಗು ಆಷಾಢದಲ್ಲಿ ಹೊರಟಿದೆ.

1513ರ ಆಷಾಢದಲ್ಲಿ ಭಟ್ಕಳ ಬಿಟ್ಟು ಮೂರು ತಿಂಗಳಿಗೆ ಪೋರ್ಚುಗಲ್ಲಿನ ಲಿಸ್ಬನ್ ಸೇರಿಬಿಡುತ್ತದೆ. ಹೇಗಪ್ಪಾ? ಆಗ ನೈಋತ್ಯದ ಗಾಳಿ ದಡಕ್ಕೇ ಬಡಿಯುತ್ತಿರುತ್ತದೆ. ಅಳಿವೆಯ ಬಾಯಲ್ಲಿ ಮರಳದಿಣ್ಣೆಯ ಮೇಲೆ ಅಲೆ ಒಡೆಯುತ್ತಿರುತ್ತದೆ. ಹೊರಗೆ ಹೋಗಲು ನೋಡಿದ ಹಾಯಿಹಡಗು ದಿಣ್ಣೆಗೆ ಕೂತುಬಿಡುತ್ತದೆ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವವರೆಗೆ ದೋಣಿ ಇಳಿಸಬಾರದೆಂದು ನಮ್ಮ ಮೀನುಗಾರರು ಸುಮ್ಮನೆ ಹೇಳಿದ್ದಲ್ಲ.

ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಹಡಗು ಎಂದರೆ ಕೆಂಪು ಬಸ್ಸು. ಹತ್ತಿದ, ಇಳಿದ. ಬೆನ್ನುಡಿ ಬರೆಯುವವರು ಅದಕ್ಕೇ 'ರೋಚಕ ಸಮುದ್ರಯಾನ' ಎಂದು ಹೊಗಳುತ್ತಾರೆ. ಆ ಹೊಗಳಿಕೆಯಿಂದ ಹಾಳಾದ ಪುಸ್ತಕಗಳ ಮೇಲಿನ ಸಿಟ್ಟು ನಿನ್ನ ಮೇಲೆ ಹರಿಯುತ್ತಿದ್ದರೆ ಸ್ವಲ್ಪ ಸಹಿಸಿಕೋ.

ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು ಗೋಡೆಗೆ ಅಂಟಿಸು. ಆ ಕಾಲದ ಪೋರ್ಚುಗೀಸ್ ಹಡಗುಗಳು ಲಿಸ್ಬನ್ ಬಿಡುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಆಫ್ರಿಕಾದ ದಡ ಹಿಡಿದು ಇಳಿದರೆ ಗಾಳಿಯೂ ಸೆಳೆತವೂ ಎದುರು. ಅದಕ್ಕೆ ಬ್ರೆಜಿಲ್ ಕಡೆಗೆ ದೊಡ್ಡ ಬಳಸು ಹಾಕಿ, ದಕ್ಷಿಣದಲ್ಲಿ ಪಶ್ಚಿಮದ ಗಾಳಿ ಹಿಡಿದು, ಜುಲೈ ಹೊತ್ತಿಗೆ ಆಫ್ರಿಕಾದ ತುದಿಯ ಗುಡ್‌ಹೋಪ್ ಭೂಶಿರ ಸುತ್ತಬೇಕು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್ ಬ್ರೆಜಿಲ್ ಕಂಡದ್ದೂ ಈ ಬಳಸಿನಲ್ಲೇ. ಭೂಶಿರ ಸುತ್ತಿದ ಮೇಲೆ ನೈಋತ್ಯ ಮಾರುತದ ಬಾಲ ಹಿಡಿದು ಸೆಪ್ಟೆಂಬರ್‌ನಲ್ಲಿ ಗೋವಾ. ತಡವಾದರೆ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ಲಂಗರು, ಜ್ವರ, ಸಾವು. ಮರಳುವಾಗ ಈಶಾನ್ಯದ ಗಾಳಿ ಬೇಕು. ಡಿಸೆಂಬರ್ ಕೊನೆಗೋ ಜನವರಿಗೋ ಕೊಚ್ಚಿ ಬಿಟ್ಟರೆ ಬೇಸಿಗೆಯಲ್ಲಿ ಲಿಸ್ಬನ್. ಎಲ್ಲ ಸರಿಯಾದರೆ ಒಂದು ಕಡೆಗೆ ಆರು ತಿಂಗಳು. ಹೋಗಿ ಬರಲು ಒಂದೂವರೆ ವರ್ಷ.

ಗಾಳಿಯ ಮಾತು ಕೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ವಾಸ್ಕೋ ಡ ಗಾಮನೇ ಸಾಕ್ಷಿ. 1498ರ ಏಪ್ರಿಲ್ ಕೊನೆಯಲ್ಲಿ ಪೂರ್ವ ಆಫ್ರಿಕಾದ ಮಾಲಿಂದಿಯಿಂದ ಈ ಕಡಲು ಬಲ್ಲ ಮಾಲಿಮಿಯನ್ನು, ಎಂದರೆ ದಾರಿ ತೋರುವ ನಾವಿಕನನ್ನು, ಕರೆದುಕೊಂಡು ಹೊರಟ. 23 ದಿನಕ್ಕೆ ಮಲಬಾರಿನ ದಡ ಕಂಡಿತು. ಮರಳುವಾಗ ಅವಸರ. ಕಾರವಾರದ ಎದುರಿನ ಅಂಜದೀವದಲ್ಲಿ ಹಡಗಿನ ತಳ ಕೆರೆದು, ನೀರು ತುಂಬಿಸಿಕೊಂಡು, ಅಕ್ಟೋಬರ್ ಮೊದಲ ವಾರವೇ ಹೊರಟುಬಿಟ್ಟ. ಈಶಾನ್ಯದ ಗಾಳಿ ಇನ್ನೂ ಎದ್ದಿರಲಿಲ್ಲ. ಅದೇ ಕಡಲನ್ನು ದಾಟಲು ಮೂರು ತಿಂಗಳು ಹಿಡಿಯಿತು. ಸುಮಾರು 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು. ನಡೆಸಲು ಆಳಿಲ್ಲದೆ 'ಸಾವ್ ರಫಾಯೆಲ್' ಹಡಗನ್ನು ಆಫ್ರಿಕಾದ ದಡದಲ್ಲಿ ಅವರೇ ಸುಟ್ಟರು.

ಕೊಂದದ್ದು ಸ್ಕರ್ವಿ. ಹಸಿ ಹಣ್ಣು, ತರಕಾರಿ ಇಲ್ಲದೆ ಎರಡು ಮೂರು ತಿಂಗಳಾದ ಮೇಲೆ ಒಸಡು ಊದುತ್ತದೆ, ಹಲ್ಲು ಅಲ್ಲಾಡುತ್ತದೆ, ಎಂದೋ ಮಾಯ್ದ ಗಾಯ ಮತ್ತೆ ಬಾಯಿ ಬಿಡುತ್ತದೆ. ನಿನ್ನ ಹುಡುಗನ ಒಸಡಿನಲ್ಲಿ ಇಪ್ಪತ್ತನೇ ದಿನಕ್ಕೇ ರಕ್ತ! ಅಷ್ಟು ಬೇಗ ಬರುವ ರೋಗವಲ್ಲ ಅದು. ಭೂಶಿರ ದಾಟುವವರೆಗೆ ತಡೆ.

ಈಗ ಅವನನ್ನು ಹೇಗೆ ಹೊರಡಿಸುವುದು, ಹೇಳುತ್ತೇನೆ. ಅಕ್ಟೋಬರ್‌ನಲ್ಲಿ ಸಣ್ಣ ಹಾಯಿದೋಣಿ ಹತ್ತಿಸು. ಬೆಳಗಿನ ಜಾವದ ನೆಲಗಾಳಿ ದೋಣಿಯನ್ನು ಹೊರಗೆ ತಳ್ಳುತ್ತದೆ, ಮಧ್ಯಾಹ್ನದ ಕಡಲಗಾಳಿ ದಡಕ್ಕೆ ತರುತ್ತದೆ. ಹೀಗೆ ದಡ ಕಣ್ಮರೆಯಾಗದಂತೆ ಕೊಚ್ಚಿ ತಲುಪುತ್ತಾನೆ. ಅಲ್ಲಿ ಕಾಯುತ್ತಾನೆ. ಯಾಕೆಂದರೆ ಮೆಣಸು ಇನ್ನೂ ಬಳ್ಳಿಯ ಮೇಲಿದೆ. ಕೊಯ್ಲು ಶುರುವಾಗುವುದೇ ಡಿಸೆಂಬರ್ ಹೊತ್ತಿಗೆ. ನೂರು ಸೇರು ಹಸಿ ಮೆಣಸು ಒಣಗಿದರೆ ಉಳಿಯುವುದು ಹತ್ತಿರ ಹತ್ತಿರ ಮೂವತ್ತಮೂರು. ಅರೆಬರೆ ಒಣಗಿದ್ದು ಇಲ್ಲಿನ ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ, ಹಡಗಿನಲ್ಲಿ ಬೂಸು ಹಿಡಿಯುತ್ತದೆ, ಲಿಸ್ಬನ್‌ನಲ್ಲಿ ಕಡಿಮೆ ತೂಗುತ್ತದೆ. ದಲ್ಲಾಳಿಗೂ ಫರಂಗಿಯವನಿಗೂ ನಡೆಯುವ ಜಗಳವೆಲ್ಲ ಈ ತೇವದ ಮೇಲೆ. ನಿನ್ನ ಹುಡುಗ ಕಾಯದೇ ಬಿಟ್ಟ ಆ ಮೂರು ತಿಂಗಳಲ್ಲೇ ಸಾಲ ಹುಟ್ಟುತ್ತದೆ, ಮದುವೆ ಆಗುತ್ತದೆ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬರುತ್ತದೆ. ನಾವು ಇಂದಿಗೂ ಚಾವಿ, ಬಟಾಟೆ, ಪಾದ್ರಿ ಎಂದು ಆಡುವ ಪೋರ್ಚುಗೀಸ್ ಮಾತುಗಳು ಹೀಗೆ ಕಾದು ಕೂತವರಿಂದ ಬಂದದ್ದು. ಅಧ್ಯಾಯ ಬರೆಯುವುದಾದರೆ ಅದನ್ನು ಬರೆ.

ಆದರೆ 1513ರಲ್ಲಿ ಹುಡುಗನ ಅಜ್ಜಿ ಚಾವಿ ಎನ್ನಬಾರದು, ಬೀಗದ ಕೈ ಎನ್ನಲಿ. ಸಾರಿಗೆ ಒಣಮೆಣಸಿನಕಾಯಿಯನ್ನೂ ಮುರಿದು ಹಾಕಬಾರದು. ಅದು ಅಮೆರಿಕದ ಕಾಯಿ. ಆಗ ನಮ್ಮ ಅಡುಗೆಮನೆಯಲ್ಲಿ ಖಾರ ಎಂದರೆ ಮೆಣಸು, ಶುಂಠಿ, ಹಿಪ್ಪಲಿ. ಪರಂಗಿ ಹಣ್ಣಿನ ಮರವನ್ನೂ ಅಂಗಳದಿಂದ ಕಡಿ, ಹೆಸರೇ ಹೇಳುತ್ತಿದೆಯಲ್ಲ. ಕಪ್ತಾನನ ಕೈಯ ದುರ್ಬೀನೂ ಬೇಡ, ಅದಕ್ಕೆ ಇನ್ನೂ ತೊಂಬತ್ತೈದು ವರ್ಷ ಇದೆ.

ಮೆಣಸಿನ ಮೂಟೆಗಳನ್ನು ಒಪ್ಪವಾಗಿ ಜೋಡಿಸಿದ್ದೀಯ. ತಳಅಟ್ಟದ ಹಲಗೆಗೂಡುಗಳಿಗೆ ಅದನ್ನು ಬಿಡಿಯಾಗಿಯೇ ಸುರಿಯುತ್ತಿದ್ದರು, ಭತ್ತದ ಕಣಜಕ್ಕೆ ಸುರಿದಂತೆ. ಹಡಗು ಸೋರಿ ಗೂಡು ಒಡೆದರೆ ಕಾಳು ಹೋಗಿ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಪಂಪು ನಿಂತರೆ ಹಡಗು ಮುಳುಗುತ್ತದೆ. 1606ರ ಸೆಪ್ಟೆಂಬರ್‌ನಲ್ಲಿ 'ನೋಸ್ಸ ಸೆನ್ಯೋರ ದುಸ್ ಮಾರ್ತಿರೆಸ್' ಎಂಬ ಹಡಗು ಲಿಸ್ಬನ್ನಿನ ಬಾಗಿಲಲ್ಲೇ ಬಂಡೆಗೆ ಬಡಿದು ಒಡೆದಾಗ ಟಾಗಸ್ ನದಿಯ ದಡದುದ್ದಕ್ಕೂ ಕರಿಮೆಣಸು ತೇಲಿಬಂತು.

ಹುಡುಗನ ಅಪ್ಪ ಕುದುರೆ ವ್ಯಾಪಾರಿ ಎಂದಿದ್ದೀಯ, ಒಂದೇ ಒಂದು ಕುದುರೆಯೂ ಹಾದಿಯಲ್ಲಿ ಸಾಯುವುದಿಲ್ಲ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ: ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅಲ್ಲಿ ಹಿಂದೆ ಆಳಿದ ಅರಸ ಸಾಳುವ ನರಸಿಂಹ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಆ ಅಪ್ಪನ ಕೈಗೆ ಒಂದು ಬಾಲ ಕೊಡು ಮಾರಾಯ, ಅವನ ಚಾಳಿ ಹೇಳಲು ನೀನು ಖರ್ಚು ಮಾಡಿದ ನಾಲ್ಕು ಪುಟ ಉಳಿಯುತ್ತದೆ.

ತಿದ್ದಿದ್ದನ್ನು ನೂಲಹುಣ್ಣಿಮೆ ಕಳೆದ ಮೇಲೆ ಕಳಿಸು, ಅವಸರವಿಲ್ಲ. ಅಲ್ಲಿಯವರೆಗೆ ಹುಡುಗ ಕೊಚ್ಚಿಯಲ್ಲೇ ಇರಲಿ.

ನಿನ್ನ ಅಣ್ಣ