ಮೀಟಿಂಗ್ ಮುಗಿದ ಮೇಲೆ ಶುರುವಾಗುವ ಮೀಟಿಂಗ್

ಪ್ರೀತಿಯ ಗೆಳೆಯಾ,

ಭಾನುವಾರ ರಾತ್ರಿ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. "ಎಲ್ಲ ಸರಿಹೋಗುತ್ತೆ, ನೋಡ್ಕೊಂಡು ಮಾಡು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಹದಿನೆಂಟು ಜನರ ಟೀಮ್ ಮೊದಲ ಸಲ ನಿನ್ನ ಕೈಗೆ ಬಂದಿದೆ. ಬಂದ ಎರಡನೇ ವಾರಕ್ಕೇ ಮೇಲಿನಿಂದ ಮಾತು ಬಂತು: ಮುಂದಿನ ತಿಂಗಳಿಂದ ವಾರಕ್ಕೆ 3 ದಿನ ಎಲ್ಲರೂ ಆಫೀಸಿಗೆ ಬರಬೇಕು. ಅದನ್ನು ಟೀಮ್‌ಗೆ ಹೇಳುವ ಕೆಲಸ ನಿನ್ನದು. "ಹೇಗೆ ಹೇಳಲಿ? ಹೇಳಿದ ಮೇಲೆ ಇವರೆಲ್ಲ ಹೀಗೇ ಒಟ್ಟಿಗೆ ಇರ್ತಾರಾ?" ಅಂತ ಕೇಳಿದೆ. ಅದಕ್ಕೆ "ನೋಡ್ಕೊಂಡು ಮಾಡು" ಅನ್ನುವುದು ಉತ್ತರವಲ್ಲ ಮಾರಾಯ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮ ಟೀಮ್‌ನಲ್ಲಿ ಶಿರಸಿಯ ಒಬ್ಬಳು ಹುಡುಗಿ ಇದ್ದಳು. ನಿನಗೆ ಅವಳ ವಿಷಯ ಪೂರ್ತಿ ಹೇಳಿಲ್ಲ ಅನ್ನಿಸುತ್ತೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಮ್ಮವರು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಊರು ಸೇರಿದರು. ಒಬ್ಬ ಹುಬ್ಬಳ್ಳಿಗೆ, ಒಬ್ಬ ಪುತ್ತೂರಿಗೆ, ಇಬ್ಬರು ಮೈಸೂರಿಗೆ. ಇವಳು ಸೇರಿದ್ದು ಮರುವರ್ಷ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ. ಇಂಟರ್‌ವ್ಯೂ ಸ್ಕ್ರೀನ್ ಮೇಲೆ, ಆಫರ್ ಲೆಟರ್ ಮೇಲ್‌ನಲ್ಲಿ, ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ಅವಳ ಮನೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡುತ್ತೆ ಅಂತ ಸ್ವಂತ ದುಡ್ಡಲ್ಲಿ ಇನ್ವರ್ಟರ್ ಹಾಕಿಸಿಕೊಂಡಿದ್ದಳು. ಅವಳು ಮೈಕ್ ಆನ್ ಮಾಡಿದರೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ನಮಗೆಲ್ಲ ಕೇಳುತ್ತಿತ್ತು.

2022ರ ಸೆಪ್ಟೆಂಬರ್ ಮೊದಲ ವಾರ ನಿನಗೂ ನೆನಪಿರಬೇಕು. ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮನೆಗಳಿಗೆ ನೀರು ನುಗ್ಗಿತ್ತು. ಔಟರ್ ರಿಂಗ್ ರೋಡ್ ಕೆರೆಯಾಗಿತ್ತು. ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ವಾರ ನಮ್ಮ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಿಡುವ ರಿಲೀಸ್ ಇತ್ತು. ಆನ್‌ಕಾಲ್ ಇದ್ದವನ, ಅಂದರೆ ಏನಾದರೂ ಕೆಟ್ಟರೆ ಯಾವ ಹೊತ್ತಲ್ಲೂ ಎದ್ದು ನೋಡಬೇಕಾದ ಸರದಿಯವನ ಮನೆ ಗ್ರೌಂಡ್ ಫ್ಲೋರ್. ಮೊಣಕಾಲುದ್ದ ನೀರಿನಲ್ಲಿ ಅಪ್ಪ ಅಮ್ಮನ ಕೈ ಹಿಡಿದುಕೊಂಡು ಹೊರಟಿದ್ದ. ಅವನ ಜಾಗಕ್ಕೆ ಯಾರನ್ನು ಕೇಳಲಿ ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಗ್ರೂಪ್‌ನಲ್ಲಿ ಶಿರಸಿಯಿಂದ ಒಂದು ಮೆಸೇಜ್ ಬಂತು: "ಅವರ ಆನ್‌ಕಾಲ್ ನಾನು ನೋಡ್ಕೊಳ್ತೀನಿ. ಅವರಿಗೆ ಯಾರೂ ಫೋನ್ ಮಾಡಬೇಡಿ." ಮೂರು ರಾತ್ರಿ ನೋಡಿಕೊಂಡಳು. ಅವನನ್ನು ಅವಳು ಎದುರಿಗೆ ಒಂದು ಸಲವೂ ನೋಡಿರಲಿಲ್ಲ.

ಟೀಮ್‌ನ ಕಲ್ಚರ್ ಅಂತ ಯಾರಾದರೂ ಮಾತು ತೆಗೆದರೆ ನನಗೆ ನೆನಪಾಗುವುದು ಆ ಎರಡು ಸಾಲು.

ಅಂಥವಳು ಅದಾದ ಆರು ತಿಂಗಳಿಗೆ ರಾಜೀನಾಮೆ ಕೊಟ್ಟಳು.

ಅಷ್ಟು ಹೊತ್ತಿಗೆ ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಫೀಸಿಗೆ ವಾಪಸ್ ಬಂದಿದ್ದರು. ಮೀಟಿಂಗ್ ರೂಮಿನಲ್ಲಿ ಟೇಬಲ್ ಸುತ್ತ ಎಂಟು ಜನ. ಗೋಡೆಯ ಟಿವಿಯಲ್ಲಿ ಶಿರಸಿ, ಹುಬ್ಬಳ್ಳಿ, ಪುತ್ತೂರು. ಟೇಬಲ್ ಹತ್ತಿರ ಇಬ್ಬರು ಒಟ್ಟಿಗೆ ಮಾತಾಡಿದರೆ ಆ ಮೂವರಿಗೆ ಏನೂ ಕೇಳುತ್ತಿರಲಿಲ್ಲ. ಬೋರ್ಡ್ ಮೇಲೆ ಬರೆದದ್ದು ಕಾಣುತ್ತಿರಲಿಲ್ಲ. 11 ಗಂಟೆಗೆ "ಓಕೆ, ಥ್ಯಾಂಕ್ಯೂ" ಅಂತ ಕಾಲ್ ಕಟ್ ಮಾಡಿ ನಾವೆಲ್ಲ ಕಾಫಿ ಮಷೀನ್ ಕಡೆ ಹೋಗುತ್ತಿದ್ದೆವು. ಲೋಟ ತುಂಬುವಷ್ಟರಲ್ಲಿ ಯಾರೋ ಒಬ್ಬರು "ಅಲ್ವಾ, ಆ ಪೇಮೆಂಟ್ ಬದಲಾವಣೆ ಈ ರಿಲೀಸ್‌ನಲ್ಲಿ ಬೇಡ" ಅನ್ನುತ್ತಿದ್ದರು. ನಾನು "ಹೌದು, ಮುಂದಕ್ಕೆ ಹಾಕೋಣ" ಅನ್ನುತ್ತಿದ್ದೆ. ಅಲ್ಲಿಗೆ ಅದು ತೀರ್ಮಾನ.

ಹಾಗೆ ಮುಂದಕ್ಕೆ ಹಾಕಿದ ಒಂದು ಕೆಲಸಕ್ಕೆ ಅವಳು ಮೂರು ದಿನ ಕೂತು ಟೆಸ್ಟ್ ಕೇಸ್ ಬರೆದಿದ್ದಳು. ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು.

ಕೊನೆಯ ದಿನ ನಾನು ಕಾರಣ ಕೇಳಿದೆ. ಸಂಬಳ ಅಂತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮೀಟಿಂಗ್ ಮುಗಿದ ಮೇಲೆ ನಿಮ್ಮ ನಿಜವಾದ ಮೀಟಿಂಗ್ ಶುರುವಾಗುತ್ತೆ. ಅದಕ್ಕೆ ನಂಗೆ ಲಿಂಕ್ ಬರಲ್ಲ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭ ಆಗುತ್ತಿತ್ತು.

ನೀನು ಫೋನ್‌ನಲ್ಲಿ ಎರಡು ದಿನವಾ ಮೂರು ದಿನವಾ ಅಂತಲೇ ಜಾಸ್ತಿ ಮಾತಾಡಿದೆ. ಆ ಲೆಕ್ಕ ಬಹುತೇಕ ನಿನ್ನ ಕೈಯಲ್ಲಿಲ್ಲ. ಮೂರು ಅಂದಿದ್ದಾರೆ, ಮೂರೇ ಆಗುತ್ತೆ. ನಿನ್ನ ಕೈಯಲ್ಲಿರುವುದು, ಯಾವುದೇ ಹೊತ್ತಲ್ಲಿ ರೂಮಿನಲ್ಲಿ ಇಲ್ಲದವರನ್ನು ಟೀಮ್ ಹೇಗೆ ನಡೆಸಿಕೊಳ್ಳುತ್ತೆ ಅನ್ನುವುದು. ಹೈಬ್ರಿಡ್‌ನಲ್ಲಿ, ಅಂದರೆ ಸ್ವಲ್ಪ ದಿನ ಆಫೀಸು ಸ್ವಲ್ಪ ದಿನ ಮನೆ ಅನ್ನುವ ಕ್ರಮದಲ್ಲಿ, ಯಾರಾದರೊಬ್ಬರು ಹೊರಗೆ ಇದ್ದೇ ಇರುತ್ತಾರೆ. ಇವತ್ತು ಇನ್ಯಾರೋ, ನಾಳೆ ಜ್ವರ ಬಂದ ಮಗುವಿನ ಜೊತೆ ಮನೆಯಲ್ಲಿರುವ ನೀನು.

ಅವಳು ಹೋದ ಮೇಲೆ ನಾವು ಎರಡು ಅಭ್ಯಾಸ ಬದಲಾಯಿಸಿದೆವು. ಒಬ್ಬರು ಸ್ಕ್ರೀನ್ ಮೇಲಿದ್ದರೆ ಎಲ್ಲರೂ ಸ್ಕ್ರೀನ್ ಮೇಲೆ. ಆಫೀಸಿನಲ್ಲಿದ್ದರೂ ಅವರವರ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇವೆ. ಮೊದಲ ವಾರ ಪಕ್ಕದವನ ದನಿ ಎರಡೆರಡು ಸಲ ಕೇಳಿ ಎಲ್ಲರಿಗೂ ಕಿರಿಕಿರಿ ಆಯಿತು. ಆದರೆ ಹುಬ್ಬಳ್ಳಿಯವನು ಆ ವಾರ ನಾಲ್ಕು ಸಲ ಬಾಯಿ ಬಿಟ್ಟ. ಅದಕ್ಕೂ ಮುಂಚೆ ತಿಂಗಳಲ್ಲಿ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಎರಡನೆಯದು ತೀರ್ಮಾನದ ಪುಟ. ಎಲ್ಲರಿಗೂ ಕಾಣುವ ಒಂದೇ ಪುಟ. ತಾರೀಖು, ಏನು ತೀರ್ಮಾನ, ಯಾಕೆ, ಯಾರ ಕೆಲಸ, ಇಷ್ಟೇ. ಇದಕ್ಕೆ ತುಂಬಾ ವಿರೋಧ ಬಂತು. "ಕಾಫಿ ಕುಡಿಯುವಾಗಲೂ ಮಾತಾಡಬಾರದಾ?" ಅಂತ ಹಳಬನೊಬ್ಬ ಕೇಳಿದ. ಧಾರಾಳವಾಗಿ ಮಾತಾಡಿ, ಆದರೆ ಅಲ್ಲಿ ಏನಾದರೂ ಬದಲಾದರೆ ಸಂಜೆಯೊಳಗೆ ಪುಟಕ್ಕೆ ಬರಲಿ, ಪುಟದಲ್ಲಿಲ್ಲದ್ದು ತೀರ್ಮಾನ ಅಲ್ಲ ಅಂದೆ. ಮೊದಲೆರಡು ತಿಂಗಳು ಮುಕ್ಕಾಲು ಪಾಲು ನಾನೇ ಬರೆದೆ. ನೀನೂ ಬರೆಯಬೇಕಾಗುತ್ತೆ, ಬೇಜಾರು ಮಾಡಿಕೊಳ್ಳಬೇಡ. "ಯಾಕೆ" ಅನ್ನುವ ಕಾಲಂ ಮಾತ್ರ ಯಾವತ್ತೂ ಖಾಲಿ ಬಿಡಬೇಡ. ಏನಾಯಿತು ಅನ್ನುವುದು ಹೇಗೋ ಗೊತ್ತಾಗುತ್ತೆ. ಯಾಕಾಯಿತು ಅಂತ ಗೊತ್ತಿಲ್ಲದವನು ತಾನು ಹೊರಗಿನವನು ಅಂದುಕೊಳ್ಳುತ್ತಾನೆ.

ಅಪ್ರೈಸಲ್ ಟೈಮ್‌ನಲ್ಲಿ ಈ ಪುಟ ನನ್ನನ್ನು ಒಂದು ತಪ್ಪಿನಿಂದ ಉಳಿಸಿತು. ಚೆನ್ನಾಗಿ ಮಾಡಿದವರ ಹೆಸರು ನೆನಪಿನಿಂದ ಬರೆದುಕೊಂಡೆ. ಆಮೇಲೆ ಪುಟ ತೆಗೆದು ನೋಡಿದರೆ ಪುತ್ತೂರಿನವನು ಆರು ದೊಡ್ಡ ತೀರ್ಮಾನ ತನ್ನ ಹೆಗಲ ಮೇಲೆ ಹೊತ್ತು ನಡೆಸಿದ್ದ. ನನ್ನ ಪಟ್ಟಿಯಲ್ಲಿ ಅವನೇ ಇರಲಿಲ್ಲ. ದಿನಾ ಕಣ್ಣಿಗೆ ಬೀಳುವವರೇ ಮನಸ್ಸಿಗೂ ಬೇಗ ಬರುತ್ತಾರೆ.

"ಮನೆಯಲ್ಲಿದ್ದರೆ ನಿಜವಾಗಲೂ ಕೆಲಸ ಮಾಡ್ತಾರಾ?" ಅಂತ ನಿನ್ನ ಮೇಲಿನವರು ಕೇಳುತ್ತಾರೆ ಅಂದೆಯಲ್ಲ. ಅವರಿಗೆ ಚೀನಾದ ಟ್ರಿಪ್.ಕಾಮ್ ಕಂಪನಿಯ ಪ್ರಯೋಗ ಹೇಳು. ಅಲ್ಲಿ 1,612 ಜನರನ್ನು ಹುಟ್ಟಿದ ತಾರೀಖು ಬೆಸವಾ ಸಮವಾ ಅಂತ ನೋಡಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡಬಹುದು ಅಂದರು. ಇನ್ನೊಂದು ಪಾಲಿಗೆ ಐದೂ ದಿನ ಆಫೀಸು. 2021-22ರಲ್ಲಿ 6 ತಿಂಗಳು ಇದು ನಡೆಯಿತು. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಜೊತೆಯವರು ಅದರ ಫಲಿತಾಂಶವನ್ನು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ವರ್ಷದ ಅಪ್ರೈಸಲ್, ಪ್ರಮೋಷನ್ ನೋಡಿದರೂ ವ್ಯತ್ಯಾಸ ಸಿಗಲಿಲ್ಲ. ಆದರೆ ಮನೆಯಿಂದಲೂ ಕೆಲಸ ಮಾಡಬಹುದು ಅಂದ ಪಾಲಿನಲ್ಲಿ ಕೆಲಸ ಬಿಟ್ಟವರು ಮೂರನೇ ಒಂದರಷ್ಟು ಕಡಿಮೆ. ಹೆಂಗಸರಲ್ಲಿ, ದೂರದಿಂದ ಓಡಾಡುವವರಲ್ಲಿ ಇದು ಎದ್ದು ಕಾಣುತ್ತಿತ್ತು. ಸಿಲ್ಕ್ ಬೋರ್ಡ್ ದಾಟಿ ಹೋಗುವ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಇನ್ನೂ ಇಷ್ಟವಾದದ್ದು ಅಲ್ಲಿನ ಮ್ಯಾನೇಜರ್‌ಗಳ ವಿಷಯ. ಶುರುವಿನಲ್ಲಿ ಅವರು ಸರಾಸರಿ 2.6% ಕೆಲಸ ಹಾಳಾಗುತ್ತೆ ಅಂದುಕೊಂಡಿದ್ದರು. ಮುಗಿದ ಮೇಲೆ ಅವರೇ 1% ಜಾಸ್ತಿಯಾಗಿದೆ ಅಂದರು.

ಹಾಗಂತ ಆಫೀಸೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಲ್ಲರೂ ಮನೆಗೆ ಹೋದ ಆ 2020ರಲ್ಲಿ ಮೈಕ್ರೋಸಾಫ್ಟ್‌ನ ಅಮೆರಿಕದ 61,182 ಜನರ ಮೇಲ್, ಕಾಲ್, ಮೀಟಿಂಗ್‌ಗಳ ಲೆಕ್ಕ ನೋಡಿದರೆ, ಜನ ತಮ್ಮ ತಮ್ಮ ಗುಂಪಿನೊಳಗೇ ಉಳಿದುಬಿಟ್ಟಿದ್ದರು. ಬೇರೆ ಬೇರೆ ಗುಂಪುಗಳ ಮಧ್ಯದ ಒಡನಾಟ ಕಡಿಮೆಯಾಗಿತ್ತು. ನಮ್ಮಲ್ಲೂ ಹಾಗೇ ಆಯಿತು. ಪಕ್ಕದ ಟೀಮ್‌ನ ಹೊಸಬರ ಹೆಸರೇ ನನಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಷ್ಟಪಟ್ಟವರು ಫ್ರೆಶರ್‌ಗಳು. ಮಡಿವಾಳದ ಪಿಜಿಯಲ್ಲಿದ್ದ ಒಬ್ಬ ಹುಡುಗ ನಮ್ಮಲ್ಲಿದ್ದ. ಒಂದು ರೂಮಿಗೆ ನಾಲ್ಕು ಜನ. ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್, ಹಿಂದೆ ಒಗೆದು ಹಾಕಿದ ಬಟ್ಟೆ. ಅದಕ್ಕೇ ಅವನು ಕ್ಯಾಮೆರಾ ಹಾಕುತ್ತಿರಲಿಲ್ಲ. ಆಸಕ್ತಿ ಇಲ್ಲದ ಹುಡುಗ ಅಂತ ನಾವು ತಿಳಿದುಕೊಂಡಿದ್ದೆವು. ಒಂದು ಸಲ ಅವನ ಮಷೀನ್‌ನಲ್ಲಿ ಕೋಡ್ ಓಡಲೇ ಇಲ್ಲ. ಒಂದೂವರೆ ದಿನ ಒಬ್ಬನೇ ಒದ್ದಾಡಿದ. ಇದ್ದದ್ದು ಒಂದು ಪಾಸ್‌ವರ್ಡ್ ಫೈಲ್ ತಪ್ಪು ಫೋಲ್ಡರ್‌ನಲ್ಲಿ. ಯಾಕೆ ಕೇಳಲಿಲ್ಲ ಅಂದರೆ, "ಕಾಲ್ ಮಾಡಿದ್ರೆ ಡಿಸ್ಟರ್ಬ್ ಆಗುತ್ತೆ ಅಂದ್ಕೊಂಡೆ" ಅಂದ. ಪಕ್ಕದಲ್ಲಿ ಕೂತಿದ್ದರೆ ಕುರ್ಚಿ ತಿರುಗಿಸಿ ಕೇಳುತ್ತಿದ್ದ. ಕೇಳದಿದ್ದರೂ ಅವನ ಮುಖ ನೋಡಿಯೇ ನಮಗೆ ಗೊತ್ತಾಗುತ್ತಿತ್ತು.

ಅವನಿಗೆ ಆಫೀಸು ಬೇಕಿತ್ತು ಕಣೋ. ಒಳ್ಳೆ ಕುರ್ಚಿ, ಬೆಳಕು, ಮಧ್ಯಾಹ್ನ ಬಿಸಿ ಊಟ, ಕೇಳಲು ಒಬ್ಬ ಅಣ್ಣ. ಅವಳಿಗೆ ಬೇಕಾಗಿದ್ದದ್ದು ಶಿರಸಿಯಲ್ಲೇ ಇದ್ದು ನಮ್ಮಲ್ಲಿ ಒಬ್ಬಳಾಗುವುದು. ಇಬ್ಬರೂ ಒಂದೇ ಟೀಮ್.

ಈಗ ನಮ್ಮಲ್ಲಿ ಆಫೀಸಿಗೆ ಬರುವ ದಿನ ಎಲ್ಲರಿಗೂ ಒಂದೇ. ಇದರಲ್ಲಿ ಮಾತ್ರ ನೀನು ಗಟ್ಟಿಯಾಗಿ ನಿಲ್ಲು. ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತು ಬಂದು, ಖಾಲಿ ಫ್ಲೋರ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಮನೆಯಲ್ಲಿರುವವರ ಜೊತೆ ದಿನವಿಡೀ ಕಾಲ್‌ನಲ್ಲಿದ್ದರೆ ಯಾರಿಗೆ ಸಿಟ್ಟು ಬರಲ್ಲ? ಬಂದ ದಿನ ಮಧ್ಯಾಹ್ನದ ಮೇಲೆ ಮೀಟಿಂಗ್ ಇಲ್ಲ. ಹಳಬರ ಪಕ್ಕ ಹೊಸಬರು ಕೂತು ಕೋಡ್ ನೋಡುತ್ತಾರೆ. ಒಂದು ಗಂಟೆಗೆ ಡಬ್ಬಿ ಬಿಚ್ಚುವುದು ಒಂದೇ ಟೇಬಲ್‌ನಲ್ಲಿ. ನಾನಂತೂ ಆ ಊಟ ತಪ್ಪಿಸುವುದಿಲ್ಲ. ಮಡಿವಾಳದ ಹುಡುಗನಿಗೆ ಮೈಸೂರಿನವರ ಮನೆಯ ಚಟ್ನಿಪುಡಿ ಎಷ್ಟು ಇಷ್ಟವಾಯಿತು ಅಂದರೆ, ಈಗ ಅವನ ಹೆಸರಲ್ಲೇ ಒಂದು ಡಬ್ಬಿ ಬರುತ್ತೆ. ದೂರದವರು ಮೂರು ತಿಂಗಳಿಗೊಮ್ಮೆ ಬಂದು ಎರಡು ದಿನ ಇರುತ್ತಾರೆ. ಬಸ್ಸು, ರೂಮಿನ ಖರ್ಚು ಕಂಪನಿಯದು. ಅದನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ನೀನು ಈಗಿನಿಂದಲೇ ಕೇಳಲು ಶುರು ಮಾಡು.

ಇನ್ನು ಹೇಳುವ ವಿಷಯ. "ಇದು ನನ್ನ ತೀರ್ಮಾನ ಅಲ್ಲ, ಮೇಲಿನವರದ್ದು" ಅಂತ ಕೈ ತೊಳೆದುಕೊಳ್ಳಬೇಡ. ನಿನ್ನ ಐಡಿಯಾ ಅನ್ನುವ ಹಾಗೆ ಹೊಗಳಲೂ ಬೇಡ. ತೀರ್ಮಾನ ಆಗಿದೆ, ಅದನ್ನು ನಮ್ಮ ಟೀಮ್‌ಗೆ ಹೊಂದಿಸುವ ಜವಾಬ್ದಾರಿ ನನ್ನದು ಅಂತ ಹೇಳು. ಅಮೆರಿಕದ ವಿಲಿಯಂ ಬ್ರಿಡ್ಜಸ್ ಅನ್ನುವವರು ಬದಲಾವಣೆ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಬದಲಾವಣೆ ಹೊರಗೆ ಒಂದೇ ದಿನದಲ್ಲಿ ಆಗಬಹುದು, ಮನಸ್ಸಿನೊಳಗೆ ಅದು ಶುರುವಾಗುವುದು ಏನನ್ನೋ ಬಿಡುವುದರಿಂದ ಅನ್ನುವುದು ಅವರ ವಿಚಾರ. ನನ್ನ ಅನುಭವವೂ ಅದೇ. ಅದಕ್ಕೇ ಮೇಲ್ ಕಳಿಸುವ ಮೊದಲು ಹದಿನೆಂಟು ಜನರ ಜೊತೆಯೂ ಒಬ್ಬೊಬ್ಬರಾಗಿ ಮಾತಾಡು. ಅರ್ಧ ಗಂಟೆ ಸಾಕು. "ಇದರಿಂದ ನಿನಗೆ ಏನು ತಪ್ಪಿಹೋಗುತ್ತೆ?" ಅಂತ ಕೇಳಿ ಸುಮ್ಮನಿರು.

ನಾನು ಹಾಗೆ ಕೇಳಿದಾಗ ಒಬ್ಬಳು ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡುವ ಹೊತ್ತು ತಪ್ಪುತ್ತೆ ಅಂದಳು. ಸ್ಟ್ಯಾಂಡಪ್ ಅನ್ನುವ ದಿನದ ಚಿಕ್ಕ ಮೀಟಿಂಗನ್ನು ಅರ್ಧ ಗಂಟೆ ಮುಂದೆ ಹಾಕಿದೆವು, ಮುಗಿಯಿತು. ಒಬ್ಬ ಅಪ್ಪನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ. ಅದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಅವನೊಬ್ಬನಿಗೆ ಮಾತ್ರ ದಿನ ಬದಲಾಯಿಸಿಕೊಟ್ಟೆವು. ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವನಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ತಕರಾರೇ ಉಳಿಯಲಿಲ್ಲ. ಇಬ್ಬರಿಗೆ ಮಾತ್ರ ನನ್ನಿಂದ ಏನೂ ಮಾಡಲು ಆಗಲಿಲ್ಲ. ಆಗಲ್ಲ ಅಂತ ಅವರಿಗೆ ನೇರವಾಗಿ ಹೇಳಿದೆ. ಒಬ್ಬ ಬಿಟ್ಟು ಹೋದ. ಇನ್ನೂ ಮಾತಾಡುತ್ತಾನೆ.

ನಿನ್ನ ಟೀಮ್‌ನಲ್ಲಿ ಹಾಸನದಲ್ಲಿ ಮನೆ ಕಟ್ಟಿಸಿದವನು ಒಬ್ಬ ಇದ್ದಾನೆ ಅಂದೆಯಲ್ಲ, ಹೋದ ತಿಂಗಳಷ್ಟೇ ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದವನು. ಗುರುವಾರ ಉಳಿದವರ ಜೊತೆ ಅವನೂ ಆ ಮೇಲ್ ಓದಿಯೇ ವಿಷಯ ತಿಳಿಯುವ ಹಾಗೆ ಆಗಬಾರದು. ಇವತ್ತೇ ಅವನಿಗೆ ಫೋನ್ ಮಾಡು. ಏನು ಹೇಳಬೇಕು ಅಂತ ಗೊತ್ತಾಗದಿದ್ದರೂ ಪರವಾಗಿಲ್ಲ, ಮೊದಲು ಮನೆ ಹೇಗಿದೆ ಅಂತ ಕೇಳು.

ಮಾತಾಡಿದ ಮೇಲೆ ನನಗೂ ಒಂದು ಫೋನ್ ಹಾಕು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಹಾಸ್ಟೆಲ್ ರೂಮ್‌ಮೇಟ್