ಎಚ್ಚರಿಕೆ ಹಾಲಿನ ಡೇರಿವರೆಗೂ ಬರಲಿ

ಸಂಪಾದಕರೇ,

ಮಳೆ ಶುರುವಾದರೆ ಸಾಕು, ಚಿಕ್ಕಬಳ್ಳಾಪುರ, ಕೋಲಾರಕ್ಕೆ 'ಯೆಲ್ಲೋ ಅಲರ್ಟ್', 'ಆರೆಂಜ್ ಅಲರ್ಟ್' ಅಂತ ಟಿವಿಯಲ್ಲಿ ಬರುತ್ತದೆ. ಯೆಲ್ಲೋ ಅಂದರೆ ಗಮನವಿಡಿ, ಆರೆಂಜ್ ಅಂದರೆ ಸಿದ್ಧರಾಗಿರಿ, ರೆಡ್ ಅಂದರೆ ತಕ್ಷಣ ಜಾಗ್ರತೆ ವಹಿಸಿ. ಇದು ಎಷ್ಟು ಜನಕ್ಕೆ ಗೊತ್ತು? ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್ ಇದೆ ನಿಜ, ಆದರೆ ಕುರಿ ಮೇಯಿಸಲು ಹೋದವರ ಕೈಯಲ್ಲಿ ಹೆಚ್ಚಾಗಿ ಬಟನ್ ಫೋನೇ ಇರುತ್ತದೆ, ಗುಡುಗು ಕೇಳಿಸಿದ ತಕ್ಷಣ ಅವರು ಓಡಿ ನಿಲ್ಲೋದು ಹೊಲದ ಬದಿಯ ಒಂಟಿ ಹುಣಸೆ ಮರದ ಕೆಳಗೆ. ಅಲ್ಲೇ ಅಪಾಯ ಜಾಸ್ತಿ. ಗುಡುಗು ಕೇಳಿಸಿದರೆ ಮನೆ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಇಷ್ಟನ್ನು ಯಾರಾದರೂ ನೇರವಾಗಿ ಹೇಳಬೇಕು ಅಲ್ವಾ?

ನಮ್ಮ ಕಡೆ ಬೆಳಿಗ್ಗೆ, ಸಂಜೆ ಊರಿನ ಜನ ಸೇರೋದು ಹಾಲಿನ ಡೇರಿ ಹತ್ತಿರ. ಅಲ್ಲಿ ಒಂದು ಬೋರ್ಡ್ ಬರೆಯಲಿ. ಪಂಚಾಯಿತಿ ಕಸದ ಗಾಡಿಯ ಮೈಕಿನಲ್ಲೂ ಕೂಗಿಸಲಿ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದು ಚಿಕ್ಕಬಳ್ಳಾಪುರದಲ್ಲೇ ಬಡಾವಣೆಗಳಿಗೆ ನೀರು ನುಗ್ಗಿತ್ತು. ಹಾಗಾಗಿ ಯಾವ ಕೆರೆ ತುಂಬಿದೆ, ಯಾವ ರಸ್ತೆ ಬೇಡ ಅಂತ ಊರಿನ ಹೆಸರು ಹಿಡಿದೇ ಹೇಳಲಿ. ಬಾಗೇಪಲ್ಲಿ, ಗುಡಿಬಂಡೆ ಕಡೆ ತೆಲುಗಿನಲ್ಲೂ ಹೇಳಿಸಿ, ಅಲ್ಲಿನ ಎಷ್ಟೋ ಅಜ್ಜಿ ತಾತಂದಿರ ಮನೆಮಾತು ಅದೇ.

— ಒಬ್ಬ ಓದುಗ, ಚಿಂತಾಮಣಿ