ಯಾವ ಪುಸ್ತಕ ಕೊಳ್ಳಲಿ ಅಂತ ಕೇಳಿದೆಯಲ್ಲ

ಮಗಳೇ,

ಭಾನುವಾರ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಅಮ್ಮಾ, ದಿನಾ ಓದುವುದಕ್ಕೆ ಒಂದು ಒಳ್ಳೇ ಧ್ಯಾನದ ಪುಸ್ತಕ ಹೇಳು, ಆರ್ಡರ್ ಮಾಡ್ತೇನೆ" ಅಂದೆ. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು. ಯೋಚನೆ ಮಾಡಿ ಹೇಳ್ತೇನೆ ಅಂತ ಫೋನ್ ಇಟ್ಟೆ. ಆಮೇಲೆ ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಒಂಬತ್ತು ಪುಸ್ತಕ. ಮುಖಪುಟದಲ್ಲಿ ಕಾಫಿ ಕಪ್ಪು, ಇಲ್ಲದಿದ್ದರೆ ಸೂರ್ಯೋದಯ. ಎರಡರಲ್ಲಿ ಎರಡೂ ಇವೆ!

ನಗಬೇಡ. ನನ್ನ ಕಪಾಟೂ ಇದಕ್ಕಿಂತ ಮೇಲೇನಲ್ಲ. ದಿನಕ್ಕೊಂದು ಪುಟದ ಪುಸ್ತಕಗಳು ನನ್ನಲ್ಲಿ ಹನ್ನೊಂದಿವೆ. ಎಲ್ಲದರಲ್ಲೂ ಜನವರಿಯ ಹಾಳೆಗಳು ಮಾಸಿವೆ, ಮಾರ್ಚ್‌ನಿಂದ ಮುಂದಿನವು ಅಂಗಡಿಯಿಂದ ತಂದ ಹಾಗೇ ಇವೆ. ಒಂದರಲ್ಲಿ ಫೆಬ್ರವರಿ 19ರ ಪುಟದಲ್ಲಿ ಹಳೆಯ ಬಸ್ ಟಿಕೆಟ್ ಇನ್ನೂ ಕೂತಿದೆ. ಇಡೀ ಬೈಬಲನ್ನೇ ವರ್ಷದೊಳಗೆ ಮುಗಿಸುತ್ತೇನೆ ಅಂತ ಹೊರಟದ್ದೂ ಉಂಟು. ಒಟ್ಟು 1,189 ಅಧ್ಯಾಯ, ಅಂದರೆ ದಿನಕ್ಕೆ ಮೂರೂಕಾಲು. ಯಾಜಕಕಾಂಡದ 13ನೇ ಅಧ್ಯಾಯ, ಕುಷ್ಠದ ಗುರುತುಗಳನ್ನು ಯಾಜಕನು ಪರೀಕ್ಷಿಸುವುದು, ಅಲ್ಲಿಗೆ ಬಂದಾಗ ಪ್ರತಿ ಸಲವೂ ನನ್ನ ಗಾಡಿ ನಿಂತುಬಿಡುತ್ತಿತ್ತು.

ಅಷ್ಟೇ ಆಗಿದ್ದರೆ ನಾನು ನಿನಗೆ ಈ ಪತ್ರ ಬರೆಯುತ್ತಿರಲಿಲ್ಲ. ಯಾವುದೋ ಒಂದು ತಗೋ ಅನ್ನುತ್ತಿದ್ದೆ. ಆದರೆ ನಿನಗೆ ಹೇಳದೇ ಇಟ್ಟುಕೊಂಡ ಒಂದು ಸಂಗತಿ ಇದೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಮ್ಮವರೇ ಒಬ್ಬರು ನನ್ನ ಕೈಗೆ ಒಂದು ಪುಸ್ತಕ ಕೊಟ್ಟರು. ದಿನಕ್ಕೊಂದು ಪುಟ. ಮೇಲೆ ಬೈಬಲಿನ ಒಂದು ವಚನ, ಅದೂ ಅರ್ಧ. ಕೆಳಗೆ, ಬಲವಾಗಿ ನಂಬು, ಗುಣ ಆಗಿಯೇ ಆಗುತ್ತದೆ ಅನ್ನುವ ಧಾಟಿಯ ಮಾತು. ಐಸಿಯುವಿನ ಹೊರಗೆ ಆ ಕಬ್ಬಿಣದ ಕುರ್ಚಿಯಲ್ಲಿ ಕೂತು ಹದಿನಾಲ್ಕು ದಿನ ಓದಿದೆ. ಹದಿನೈದನೇ ದಿನ ಅಪ್ಪ ಹೋದರು. ಮಣ್ಣು ಮಾಡಿ ಬಂದ ಮೇಲೆ, ಯಾಕೋ ಗೊತ್ತಿಲ್ಲ, ಆ ದಿನದ ಪುಟ ತೆಗೆದೆ. ಕೈ ಹಾಕಿದ್ದೆಲ್ಲ ವೃದ್ಧಿಯಾಗುವ ವಾರ ಇದು ಅಂತ ಇತ್ತು.

ನನ್ನ ನಂಬಿಕೆ ಸಾಲದೆ ಹೋಯಿತು, ಅದಕ್ಕೇ ಅವರು ಹೋದರು ಅಂತ ನಾನು ಎರಡು ತಿಂಗಳು ಒಳಗೊಳಗೇ ಕೊರಗಿದೆ. ನಿನಗೆ ಆಗ ಪರೀಕ್ಷೆ, ಹೇಳಲಿಲ್ಲ. ಒಂದು ಸಂಜೆ ಅಜ್ಜಿ ಬಂದು ನನ್ನ ಪಕ್ಕ ಕೂತು ಬೈಬಲಿನ 88ನೇ ಕೀರ್ತನೆ ಓದಿದರು. ಅದನ್ನು ನೀನು ಓದಿದ್ದೀಯಾ? ಬೇರೆ ಎಷ್ಟೋ ಕೀರ್ತನೆಗಳು ಅಳುವಿನಿಂದ ಶುರುವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅಜ್ಜಿ ಓದಿ ಮುಗಿಸಿ, ಬೈಬಲ್ ಮುಚ್ಚಿ, ಒಂದು ಮಾತೂ ಆಡದೆ ಚಾ ಮಾಡುವುದಕ್ಕೆ ಒಳಗೆ ಹೋದರು. ಇಂಥದ್ದೂ ಇದರೊಳಗೆ ಇದೆಯಲ್ಲ ಅಂತ ನನಗೆ ಆವತ್ತು ಉಸಿರು ಬಂತು. ಆ ಇನ್ನೊಂದು ಪುಸ್ತಕ ಗುಜರಿಗೆ ಹೋಯಿತು. ಯಾರಿಗಾದರೂ ಕೊಡಬಹುದಿತ್ತು. ಕೊಡಲಿಲ್ಲ.

ಆಮೇಲಿಂದ ಧ್ಯಾನದ ಪುಸ್ತಕ ಕೈಗೆ ಬಂದರೆ ನಾನು ಮುನ್ನುಡಿ ಓದುವುದಿಲ್ಲ, ನಡುವಿನ ನಾಲ್ಕು ಪುಟ ತೆರೆಯುತ್ತೇನೆ. ವಚನವನ್ನು ಪೂರ್ತಿ ಕೊಟ್ಟಿದ್ದಾರಾ, ಅದು ಎಲ್ಲಿಯದು ಅಂತ ಬರೆದಿದ್ದಾರಾ ಅಂತ ನೋಡುತ್ತೇನೆ. ಅಳುವವರಿಗೆ ಅದರಲ್ಲಿ ಒಂದು ದಿನವಾದರೂ ಜಾಗ ಇದೆಯಾ ಅಂತ ನೋಡುತ್ತೇನೆ. ಮುಖ್ಯವಾಗಿ, ಆ ಪುಟ ಓದಿ ಮುಗಿಸಿದಾಗ ಬೈಬಲ್ ತೆಗೆಯಬೇಕು ಅನ್ನಿಸುತ್ತದಾ, ಇಲ್ಲಾ ಇವತ್ತಿಗೆ ಸಾಕು ಅನ್ನಿಸುತ್ತದಾ? ಸಾಕು ಅನ್ನಿಸುವ ಪುಸ್ತಕ ನನಗೆ ಬೇಡ. ಊಟಕ್ಕೆ ಮುಂಚೆ ಬಿಸ್ಕೆಟ್ ತಿಂದು ಹೊಟ್ಟೆ ತುಂಬಿಸಿಕೊಂಡ ಹಾಗೆ ಅದು.

ನಮ್ಮ ಹೊಸ ವರ್ಷದ ವಾಗ್ದಾನ ಕಾರ್ಡನ್ನೇ ತಗೋ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಿಂದ ಒಂದೊಂದು ಎತ್ತಿಕೊಳ್ಳುತ್ತೇವೆ. ನಿನಗೆ ಒಂದು ವರ್ಷ ಯೆರೆಮೀಯ 29:11 ಬಂದಿತ್ತು. ದೇವರು ನಿಮಗಾಗಿ ಯೋಚಿಸಿರುವುದು ಕೇಡನ್ನಲ್ಲ, ಹಿತವನ್ನೇ ಅನ್ನುವ ಮಾತು. ಎಷ್ಟು ಖುಷಿಪಟ್ಟಿದ್ದೆ! ಕಾರ್ಡಿನಲ್ಲಿ ಇಲ್ಲದ್ದು ಅದರ ಹಿಂದಿನ ಸಾಲು. ಆ ಅಧ್ಯಾಯ ಒಂದು ಪತ್ರ, ನಾನು ನಿನಗೆ ಬರೆಯುವ ಹಾಗೆ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದದ್ದು. 10ನೇ ವಚನದಲ್ಲಿ, ಇದೆಲ್ಲ ಆಗುವುದು 70 ವರ್ಷ ಕಳೆದ ಮೇಲೆ ಅಂತಿದೆ. ಓದಿದವರಲ್ಲಿ ಅರ್ಧ ಜನ ಅಷ್ಟು ದಿನ ಬದುಕುವವರೇ ಅಲ್ಲ. ಅಲ್ಲಿಯವರೆಗೆ ಏನು ಮಾಡಬೇಕಂತೆ? ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಆ ಪರಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಪುಣೆಯ ಟ್ರಾಫಿಕ್ಕನ್ನು ದಿನಾ ಬೈಯುವ ನಿನಗೆ ಕಾರ್ಡಿನಲ್ಲಿದ್ದ ವಚನಕ್ಕಿಂತ ಇದು ಹೆಚ್ಚು ಬೇಕಾದದ್ದು ಅಲ್ವಾ?

ಕಾರ್ಡು ಎತ್ತುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನು ನಿನಗೆ ಹೇಳಬೇಕು ಅಂತಿರುವ ಪುಸ್ತಕವೇ ಚೀಟಿ ಎತ್ತಿ ಮಾಡಿದ್ದು! ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಅಂತ ಒಂದು ಸಣ್ಣ ಊರು. ಮೊರಾವಿಯಾದಿಂದ ಓಡಿಬಂದ ವಿಶ್ವಾಸಿಗಳಿಗೆ ಜಿನ್‌ಜೆನ್‌ಡಾರ್ಫ್ ಎಂಬ ಜಮೀನ್ದಾರ ತನ್ನ ಜಾಗ ಬಿಟ್ಟುಕೊಟ್ಟಿದ್ದ. 1728ರ ಮೇ 3ರ ಸಂಜೆ ಆತ ಮಾರನೇ ದಿನಕ್ಕೆಂದು ಸಭೆಗೆ ಒಂದು ಮಾತು ಕೊಟ್ಟ. ಅಲ್ಲಿಂದ ಅದು ರೂಢಿಯಾಗಿ, ದಿನದ ಮಾತನ್ನು ಬೆಳಿಗ್ಗೆ ಮನೆಮನೆಗೆ ಹೋಗಿ ಹೇಳುತ್ತಿದ್ದರಂತೆ. 1731ರಿಂದ ಅಚ್ಚಾಗಿ ಬರುತ್ತಿದೆ. ಈಗಲೂ ಹೆರ್ನ್‌ಹುಟ್‌ನಲ್ಲಿ ಹಳೆಯ ಒಡಂಬಡಿಕೆಯ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಕೂತು ಹುಡುಕುತ್ತಾರೆ. ಜೊತೆಗೆ ಒಂದು ಪ್ರಾರ್ಥನೆ, ಇಲ್ಲವೇ ಹಾಡಿನ ಒಂದು ಚರಣ. ಅಷ್ಟೇ. ವಿವರಣೆ ಇಲ್ಲ, ಕಥೆ ಇಲ್ಲ, ನಿನ್ನ ಬದುಕು ಹೀಗೆ ಬದಲಾಗುತ್ತದೆ ಎಂಬ ಮಾತೂ ಇಲ್ಲ. ಎರಡು ವಚನಕ್ಕೂ ಏನು ಸಂಬಂಧ ಅಂತ ನೀನೇ ಬೈಬಲ್ ತೆಗೆದು ನೋಡಬೇಕು. ಇಂಗ್ಲಿಷಿನಲ್ಲಿ ಅದರ ಹೆಸರು ಡೈಲಿ ಟೆಕ್ಸ್ಟ್ಸ್. ನಿನ್ನ ಒಂಬತ್ತರಲ್ಲಿ ಅದು ಇರಲಿಲ್ಲ. ಮುಖಪುಟದಲ್ಲಿ ಕಾಫಿ ಇರುವುದಿಲ್ಲ ನೋಡು.

ನಿನ್ನ ಒಂಬತ್ತರಲ್ಲಿ ನನಗೆ ಗುರುತಾದದ್ದು ಒಂದು, ಆಸ್ವಾಲ್ಡ್ ಚೇಂಬರ್ಸ್ ಅವರ ಮೈ ಅಟ್‌ಮೋಸ್ಟ್ ಫಾರ್ ಹಿಸ್ ಹೈಯೆಸ್ಟ್. ಅದು ಒಳ್ಳೆಯ ಪುಸ್ತಕ. ಆದರೆ ಅದನ್ನು ಓದುವುದೆಂದರೆ ಬೆಳಿಗ್ಗೆ ಕಾಫಿಗೆ ಮುಂಚೆಯೇ ಮೇಷ್ಟ್ರ ಹತ್ತಿರ ಬೈಸಿಕೊಂಡ ಹಾಗೆ. ಕಾರಣ ಇದೆ. ಅವು ಕೂತು ಬರೆದ ಮಾತುಗಳಲ್ಲ. ಲಂಡನ್ನಿನ ಬೈಬಲ್ ಕಾಲೇಜಿನ ವಿದ್ಯಾರ್ಥಿಗಳಿಗೆ, ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿನಲ್ಲಿದ್ದ ಸೈನಿಕರಿಗೆ ಆತ ಎದುರೆದುರು ನಿಂತು ಆಡಿದವು. ನಾಳೆ ಸಾಯಬಹುದಾದ ಹುಡುಗರಿಗೆ ಹೇಳುವ ಮಾತು ಮೆತ್ತಗೆ ಇರುವುದಿಲ್ಲ. 1917ರಲ್ಲಿ ಆತ ಅಲ್ಲೇ ತೀರಿಕೊಂಡರು, ಅಪೆಂಡಿಸೈಟಿಸ್‌ನ ಆಪರೇಷನ್ ಆದ ಮೇಲೆ. ವಯಸ್ಸು 43. ಹೆಂಡತಿ ಬಿಡ್ಡಿ ಶಾರ್ಟ್‌ಹ್ಯಾಂಡ್ ಕಲಿತವರು. ಗಂಡ ಮಾತಾಡಿದಾಗೆಲ್ಲ ಹಿಂದೆ ಕೂತು ಬರೆದುಕೊಂಡಿದ್ದರು. ನಾಲ್ಕು ವರ್ಷದ ಮಗಳನ್ನು ಇಟ್ಟುಕೊಂಡು ಆ ನೋಟ್‌ಬುಕ್ಕುಗಳನ್ನೆಲ್ಲ ಬಿಡಿಸಿ, ಆಯ್ದು, ಟೈಪ್ ಮಾಡಿ, 1927ರಲ್ಲಿ ಪುಸ್ತಕ ತಂದರು. ಮುಖಪುಟದಲ್ಲಿ ಗಂಡನ ಹೆಸರು ಮಾತ್ರ. ಮುನ್ನುಡಿಯ ಕೆಳಗೆ ಬಿ.ಸಿ. ಅಂತ ಎರಡು ಅಕ್ಷರ. ಆ ಪುಸ್ತಕ ತೆರೆದಾಗೆಲ್ಲ ನನಗೆ ಆತನಿಗಿಂತ ಆಕೆಯದೇ ನೆನಪು ಜಾಸ್ತಿ, ಯಾಕೆ ಅಂತ ನಿನಗೆ ಗೊತ್ತಾಗುತ್ತದೆ. ಕೊಂಡುಕೋ, ಆದರೆ ಈ ವರ್ಷ ಬೇಡ.

ಭಾಷೆಯ ವಿಷಯ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಮ್ಮದು ವಿಚಿತ್ರ ಮನೆ. ಜಗಳ ತುಳುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ನಿನ್ನ ಓದೆಲ್ಲ ಇಂಗ್ಲಿಷಿನಲ್ಲಿ. ಧ್ಯಾನದ ಪುಸ್ತಕ ಇಂಗ್ಲಿಷಿನದ್ದೇ ಇರಲಿ. ಆದರೆ ಅದು ತೋರಿಸುವ ಅಧ್ಯಾಯವನ್ನು ಕನ್ನಡದಲ್ಲಿ ಓದು, ಗಟ್ಟಿಯಾಗಿ. ಕನ್ನಡ ಓದುವಾಗ ನಿಧಾನ ಆಗುತ್ತದೆ ಅಂತ ನೀನು ಗೊಣಗುತ್ತೀಯ. ನಿಧಾನ ಆಗಲಿ ಅಂತಲೇ ಹೇಳುತ್ತಿರುವುದು. ಇಂಗ್ಲಿಷಿನಲ್ಲಿ ನಿನ್ನ ಕಣ್ಣು ಆಫೀಸಿನ ಮೇಲ್ ಓದಿದ ಹಾಗೆ ಓಡುತ್ತದೆ. ನಮ್ಮ ಹಳೆಯ ಬೈಬಲಿನ "ಮಾಡುವದು", "ಹೇಳುವದು" ನಾಲಿಗೆಗೆ ತಡವರಿಸುತ್ತದೆ, ಆಗ ಮಾತು ಮನಸ್ಸಿನಲ್ಲಿ ಕೂರುತ್ತದೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಇಳಿಯುವುದಕ್ಕೆ ಮೂರು ವರ್ಷ ಮುಂಚೆ.

ಕ್ರಿಸ್ತನನ್ನು ಸಾರುತ್ತಾ ತಿರುಗಿದ ಸಾಧು ಸುಂದರ್ ಸಿಂಗ್ ಒಂದು ಕಥೆ ಹೇಳುತ್ತಿದ್ದರು, ಅಜ್ಜಿ ನಿನಗೂ ಹೇಳಿರಬೇಕು. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಮೇಲ್ಜಾತಿಯವನು ಬಿಸಿಲಿಗೆ ತಲೆ ತಿರುಗಿ ಬಿದ್ದ. ಸ್ಟೇಷನ್ ಮಾಸ್ಟರ್ ಬಿಳಿ ಪಿಂಗಾಣಿ ಕಪ್ಪಿನಲ್ಲಿ ನೀರು ಕೊಟ್ಟರೆ ಅವನು ಮುಟ್ಟಲಿಲ್ಲ. ಅದೇ ನೀರನ್ನು ಅವನ ಹಿತ್ತಾಳೆ ಪಾತ್ರೆಯಲ್ಲೇ ಕೊಟ್ಟಾಗ ಕುಡಿದ. ಅವನ ಜಾತಿಯ ಹಠದ ಬಗ್ಗೆ ನಾನೇನೂ ಒಳ್ಳೆ ಮಾತು ಹೇಳುವುದಿಲ್ಲ. ಸಾಧು ಹೇಳುತ್ತಿದ್ದದ್ದು ಬೇರೆ, ಜೀವಜಲವನ್ನು ನಮ್ಮವರಿಗೆ ನಮ್ಮ ಪಾತ್ರೆಯಲ್ಲಿ ಕೊಡಿ ಅಂತ. ಅವರ ಅಟ್ ದ ಮಾಸ್ಟರ್ಸ್ ಫೀಟ್ ಮೊದಲು ಉರ್ದುವಿನಲ್ಲಿ ಬರೆದದ್ದು, ಗುರು ಶಿಷ್ಯರ ಮಾತುಕತೆಯ ಹಾಗಿದೆ. ಸಣ್ಣದು. ಪ್ರಯಾಣಕ್ಕೆ ಒಳ್ಳೆಯದು.

ಇನ್ನೊಂದು ವಿಷಯ, ನೀನು ಪುಣೆಯಲ್ಲಿ ಇರುವುದರಿಂದ. ದಿನಕ್ಕೊಂದು ಪುಟದ ಪುಸ್ತಕ ಬೇಸರ ಬಂದಾಗ ಯಾರದಾದರೂ ಬದುಕಿನ ಕಥೆ ಓದು. ಪಂಡಿತಾ ರಮಾಬಾಯಿ ತಮ್ಮ ಸಾಕ್ಷಿಯನ್ನು ತಾವೇ ಬರೆದಿದ್ದಾರೆ, 1907ರಲ್ಲಿ ಬಂದದ್ದು. ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು ಆ ಕಾಡಿಗೆ ಹೋದವರು. ಬರಗಾಲದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗಿ ಆಮೇಲೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಕೊನೆಯವರೆಗೂ ಅದೇ ಕೆಲಸ. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಅವರ ಮುಕ್ತಿ ಮಿಷನ್ನಿನ ಹೆಂಗಸರು. ಆ ಮಿಷನ್ ಇರುವ ಕೇಡಗಾಂವ್ ನಿನ್ನ ಪುಣೆಯಿಂದ ದೌಂಡ್‌ಗೆ ಹೋಗುವ ರೈಲು ದಾರಿಯಲ್ಲೇ ಇದೆ. ಒಂದು ಶನಿವಾರ ಹೋಗಿ ಬಾ. ಮಾಲ್‌ಗೆ ಹೋಗುವ ಸಮಯ ಇದೆಯಲ್ಲ.

ದಿನ ತಪ್ಪಿದರೆ ಹಿಂದಿನ ಪುಟಗಳನ್ನು ಸಾಲ ತೀರಿಸುವ ಹಾಗೆ ಓದಬೇಡ. ನಾನು ಕೆಟ್ಟದ್ದು ಹಾಗೆಯೇ. ಐದು ದಿನದ್ದು ಒಟ್ಟಿಗೆ ಓದಲು ಕೂತು, ಆಗದೆ, ಆರನೇ ದಿನ ಪುಸ್ತಕ ಕಪಾಟಿಗೆ. ಆವತ್ತಿನ ತಾರೀಕು ತೆಗೆದು ಓದು. ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರ ಮನ್ನಾ, ನಿನ್ನೆಯದನ್ನು ಇಟ್ಟುಕೊಂಡರೆ ಹುಳ ಬೀಳುತ್ತಿತ್ತು, ವಿಮೋಚನಕಾಂಡದಲ್ಲಿ ನೋಡು.

ಹೆರ್ನ್‌ಹುಟ್‌ನ ಆ ಪುಸ್ತಕವನ್ನು ಬಾನ್‌ಹಾಫರ್ ದಿನಾ ಓದುತ್ತಿದ್ದರು, ಹಿಟ್ಲರನನ್ನು ಎದುರಿಸಿದ ಆ ಜರ್ಮನ್ ಪಾದ್ರಿ. 1939ರ ಜೂನಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದರು. ಯುದ್ಧ ಬರುತ್ತಿದೆ ಅಂತ ಸ್ನೇಹಿತರೇ ಕರೆಸಿಕೊಂಡಿದ್ದರು. ಮನಸ್ಸು ಮಾತ್ರ ಊರಲ್ಲಿ. ಜೂನ್ 26ರಂದು ಬೈಬಲಿನಲ್ಲಿ ಒಂದು ಮಾತು ಕಣ್ಣಿಗೆ ಬಿತ್ತು ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಚಳಿಗಾಲಕ್ಕೆ ಮುಂಚೆ ಬರುವುದಕ್ಕೆ ಪ್ರಯತ್ನಮಾಡು. ಎರಡನೇ ತಿಮೊಥೆ 4:21. ಜುಲೈನಲ್ಲಿ ಹಡಗು ಹತ್ತಿ ವಾಪಸ್ ಹೋದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೆ ಹಾಕಿದರು. ಆ ಒಂದು ವಚನದಿಂದಲೇ ಹೋದರು ಅಂತ ನಾನು ಹೇಳುವುದಿಲ್ಲ, ಮೊದಲೇ ನಿರ್ಧಾರ ಆಗಿತ್ತು. ಆದರೆ ಆ ಅಧ್ಯಾಯ ಓದಿ ನೋಡು. ಪೌಲನು ಸೆರೆಯಲ್ಲಿ ಕೂತು ಬರೆದದ್ದು, ಜೊತೆಯಲ್ಲಿ ಲೂಕನು ಮಾತ್ರ ಇದ್ದಾನೆ. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತಗೊಂಡು ಬಾ, ಪುಸ್ತಕಗಳನ್ನೂ ತಗೊಂಡು ಬಾ ಅನ್ನುತ್ತಾನೆ. ಪಾಪ, ಚಳಿ ಆಗುತ್ತಿತ್ತು ಅವನಿಗೆ.

ನಾಳೆ ಪಾರ್ಸೆಲ್ ಹಾಕುತ್ತೇನೆ. ನಿನ್ನ ನೀಲಿ ಸ್ವೆಟರ್ ಇದೆ, ಕೈಯ ಹತ್ತಿರ ಬಿಚ್ಚಿದ್ದನ್ನು ಹೊಲಿದಿದ್ದೇನೆ. ಅಜ್ಜಿಯ ಕನ್ನಡ ಬೈಬಲ್ ಇದೆ, ಬೆನ್ನು ಸಡಿಲವಾಗಿದೆ, ಹುಷಾರಾಗಿ ತೆರೆ. 88ನೇ ಕೀರ್ತನೆಯ ಹತ್ತಿರ ಚಾದ ಕಲೆ ಇದೆ, ಅದು ನನ್ನದು. ಡೈಲಿ ಟೆಕ್ಸ್ಟ್ಸ್ ಮಾತ್ರ ನೀನೇ ತರಿಸಿಕೋ, ನನಗೂ ಒಂದು.

ಕ್ರಿಸ್ಮಸ್‌ಗೆ ರಜೆ ಹಾಕಿದ್ದೀಯಾ? ರೈಲಿನ ಟಿಕೆಟ್ ಆಮೇಲೆ ಸಿಗುವುದಿಲ್ಲ. 22ರ ಒಳಗೆ ಬಂದರೆ ಹಬ್ಬದ ತಿಂಡಿ ಕಲ್ಕಲ ಮಾಡುವಾಗ ಒಂದು ಕೈ ಜಾಸ್ತಿ ಇರುತ್ತದೆ.

ನಿನ್ನ
ಅಮ್ಮ